ನೇಪಾಳದ ಪರ್ಮಿಟ್ ಚಾರಣಕ್ಕೆ ಕಾಗದಪತ್ರ: ಬೆಳಗಾವಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ರವಿವಾರ ಬೆಳಿಗ್ಗೆ ರಾಜಹಂಸಗಡ ಹತ್ತುವಾಗ ಜೊತೆಗೆ ಬಂದವರು ಹಿಮಾಲಯದ ಬಗ್ಗೆ ಕೇಳುತ್ತಾರೆ. ಫೋನ್ ಮಾಡಿ ಕೇಳುವವರಿದ್ದಾರೆ, ಗೋಕಾಕ, ಚಿಕ್ಕೋಡಿಯಿಂದ ಪತ್ರ ಬರೆದವರೂ ಇದ್ದಾರೆ. ಬೂಟು, ಜಾಕೆಟ್, ಚಳಿ ಬಗ್ಗೆ ಕೇಳುವವರೇ ಜಾಸ್ತಿ. ಕಾಗದಪತ್ರದ ಪ್ರಶ್ನೆ ಬರುವಷ್ಟರಲ್ಲಿ ಬಹಳ ಜನ ಟಿಕೆಟ್ ತೆಗೆದುಬಿಟ್ಟಿರುತ್ತಾರೆ. ಆಗ ತಪ್ಪು ಸರಿಪಡಿಸುವುದು ಕಷ್ಟ. ಅದಕ್ಕೇ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಇಲ್ಲಿ ಸೇರಿಸಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ನೇಪಾಳದ ಮನಾಸ್ಲು ಪರ್ವತವನ್ನು ಸುತ್ತುವ ದಾರಿಯನ್ನೇ ಹಿಡಿದಿದ್ದೇನೆ. ಅದು ನಾನು ನಡೆದ ದಾರಿ.

## ಮೊದಲು ಬರುವ ಪ್ರಶ್ನೆಗಳು

ನೇಪಾಳಕ್ಕ ವೀಸಾನೇ ಬೇಡ ಅಂತಾರಲ್ರಿ, ಮತ್ತ ಈ ಪರ್ಮಿಟ್ ಯಾಕ?

ಎರಡೂ ಬೇರೆ. ವೀಸಾ ದೇಶದೊಳಗೆ ಬರಲು, ಪರ್ಮಿಟ್ ಒಂದು ಪ್ರದೇಶದೊಳಗೆ ಕಾಲಿಡಲು. ಭಾರತ, ನೇಪಾಳದ ನಡುವೆ 1950ರ ಒಪ್ಪಂದವಿದೆ. ನಮಗೆ ಅಲ್ಲಿ ವೀಸಾ ಬೇಡ, ಅವರಿಗೆ ಇಲ್ಲಿ ಬೇಡ. ಆದರೆ ಟಿಬೆಟ್ ಗಡಿಗೆ ಹತ್ತಿರದ ಕೆಲವು ಕಣಿವೆಗಳನ್ನು ನೇಪಾಳ ನಿರ್ಬಂಧಿತ ಪ್ರದೇಶ ಎಂದು ಗುರುತಿಸಿದೆ. ಮನಾಸ್ಲು, ತ್ಸುಮ್ ಕಣಿವೆ, ಮೇಲಿನ ಮುಸ್ತಾಂಗ್, ನಾರ್-ಫೂ, ಮೇಲಿನ ಡೋಲ್ಪಾ ಇದರಲ್ಲಿ ಸೇರುತ್ತವೆ. ಮನಾಸ್ಲು ಚಾರಣಿಗರಿಗೆ ತೆರೆದದ್ದೇ 1991ರಲ್ಲಿ, ಮೇಲಿನ ಮುಸ್ತಾಂಗ್ 1992ರಲ್ಲಿ. ಅಲ್ಲಿಗೆ ಹೋಗುವ ಭಾರತೀಯರಿಗೂ ಪರ್ಮಿಟ್ ಬೇಕೇ ಬೇಕು.

ನಮ್ಮಲ್ಲೂ ಹೀಗೆ ಇದೆ, ಅಲ್ವಾ? ಕುದುರೆಮುಖ ನಮ್ಮದೇ ರಾಜ್ಯದ ಗುಡ್ಡ. ಆದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹತ್ತಲು ಬಿಡುವುದಿಲ್ಲ.

ಎವರೆಸ್ಟ್ ಬೇಸ್ ಕ್ಯಾಂಪ್‌ಗೂ ಇಷ್ಟೆಲ್ಲಾ ಬೇಕಾ?

ಬೇಡ. ಅದು ನಿರ್ಬಂಧಿತ ಪ್ರದೇಶವಲ್ಲ. ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಪ್ರವೇಶ ಚೀಟಿ ಮತ್ತು ಅಲ್ಲಿನ ಖುಂಬು ಪಾಸಾಂಗ್ ಲಾಮು ಗ್ರಾಮಪಾಲಿಕೆಯ ಚೀಟಿ ಸಾಕು. ದಾರಿಯಲ್ಲೇ ಇವು ಸಿಗುತ್ತವೆ. ಅನ್ನಪೂರ್ಣ ಬೇಸ್ ಕ್ಯಾಂಪ್‌ಗೆ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪ್ರವೇಶ ಪತ್ರ ಮತ್ತು ಟಿಮ್ಸ್ ಕಾರ್ಡ್ (ಚಾರಣಿಗರ ನೋಂದಣಿ ಚೀಟಿ) ಕೇಳುತ್ತಾರೆ. ಮೊದಲ ಸಲ ಹೋಗುವವರು ಈ ಎರಡು ಬೇಸ್ ಕ್ಯಾಂಪ್‌ಗಳಲ್ಲಿ ಒಂದನ್ನು ಆರಿಸಿಕೊಂಡರೆ ಕಾಗದದ ಭಾರ ಅರ್ಧಕ್ಕಿಂತ ಕಡಿಮೆ.

ಆಧಾರ್ ಕಾರ್ಡ್ ನಡಿತೈತಿ ಅಲ್ರಿ?

ನಡೆಯುವುದಿಲ್ಲ. ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಬ್ಯಾಂಕು, ಸಿಮ್ಮು, ರೇಷನ್ನು, ಎಲ್ಲಕ್ಕೂ ಆಧಾರ್ ಕೊಟ್ಟು ರೂಢಿಯಾಗಿದೆ. ಆದ್ದರಿಂದ ವಿಮಾನಕ್ಕೂ ಅದೇ ಸಾಕು ಅಂತ ಅನಿಸುತ್ತದೆ. ನೇಪಾಳಕ್ಕೆ ವಿಮಾನದಲ್ಲಿ ಹೋಗುವ ಭಾರತೀಯರಿಗೆ ಎರಡೇ ದಾಖಲೆ: ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ. 65 ದಾಟಿದ ಹಿರಿಯರು ಮತ್ತು 15 ತುಂಬದ ಮಕ್ಕಳಿಗೆ ಮಾತ್ರ ಆಧಾರ್‌ನಂಥ ಫೋಟೋ ಇರುವ ಬೇರೆ ಗುರುತಿನ ಚೀಟಿ ಒಪ್ಪುತ್ತಾರೆ.

ಮೂಲ ಚೀಟಿಯೇ ಕೈಯಲ್ಲಿರಬೇಕು. ಮೊಬೈಲಿನಲ್ಲಿ ಡಿಜಿಲಾಕರ್ ತೋರಿಸಿ ಸಾಂಬ್ರಾ ವಿಮಾನ ನಿಲ್ದಾಣ ದಾಟಬಹುದು. ಕಾಠ್ಮಂಡು ವಿಮಾನ ಹತ್ತಲು ಅದನ್ನು ನಂಬಿಕೊಳ್ಳಬೇಡಿ.

ವೋಟರ್ ಕಾರ್ಡ್ ಐತಿ. ಹಂಗಾದ್ರ ಪಾಸ್‌ಪೋರ್ಟ್ ಸುಮ್ನೆ ಯಾಕ ಮಾಡಿಸಬೇಕು?

ಪಶುಪತಿನಾಥನ ದರ್ಶನ, ಪೋಖರಾ ಸುತ್ತಾಟ ಇಷ್ಟೇ ಇದ್ದರೆ ಮಾಡಿಸಬೇಡಿ, ವೋಟರ್ ಕಾರ್ಡ್ ಸಾಕು. ನಿರ್ಬಂಧಿತ ಪ್ರದೇಶಕ್ಕೆ ಹೋಗುವವರಾದರೆ ಪಾಸ್‌ಪೋರ್ಟ್ ಮಾಡಿಸಿ ಎಂದೇ ಹೇಳುತ್ತೇನೆ. ಪರ್ಮಿಟ್, ವಿಮೆ, ಟಿಕೆಟ್, ಚೆಕ್‌ಪೋಸ್ಟಿನ ದಾಖಲೆ ಪುಸ್ತಕ, ಎಲ್ಲ ಕಡೆ ಒಂದೇ ನಂಬರ್, ಒಂದೇ ಹೆಸರು ಇರುತ್ತದೆ. ನಮ್ಮ ಹಳೆಯ ವೋಟರ್ ಕಾರ್ಡುಗಳಲ್ಲಿ ಫೋಟೋ ಮಾಸಿರುತ್ತದೆ, ಇಂಗ್ಲಿಷ್ ಹೆಸರಿನಲ್ಲಿ ತಪ್ಪು ಅಕ್ಷರ ಇರುತ್ತದೆ. ಊರಲ್ಲಿ ಮತ ಹಾಕಲು ಅದು ಅಡ್ಡಿಯಾಗುವುದಿಲ್ಲ. ಹೊರಗಿನ ಅಧಿಕಾರಿ ಮಾತ್ರ ಆ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾನೆ.

ಪಾಸ್‌ಪೋರ್ಟ್ ಇದ್ದವರು ಅದರ ಅವಧಿ ನೋಡಿಕೊಳ್ಳಿ. ವಾಪಸ್ ಬರುವ ದಿನದಿಂದ ಮುಂದಕ್ಕೆ ಕನಿಷ್ಠ ಆರು ತಿಂಗಳು ಇರಲಿ.

## ಪಾಸ್‌ಪೋರ್ಟ್, ಹೆಸರು, ಊರು

ಪಾಸ್‌ಪೋರ್ಟ್‌ಗೆ ಹುಬ್ಬಳ್ಳಿಗೇ ಹೋಗಬೇಕೇನ್ರಿ? ರೊಕ್ಕ ಎಷ್ಟ ಆಕ್ಕೈತಿ?

ಹಿಂದೆ ಹುಬ್ಬಳ್ಳಿಗೆ ಓಡಬೇಕಿತ್ತು. ಈಗ ಬೆಳಗಾವಿಯಲ್ಲೇ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ಶುಲ್ಕ ಕಟ್ಟಿ, ದಿನ ಗೊತ್ತು ಮಾಡಿಕೊಂಡು ಹೋಗಬೇಕು. ಇಲ್ಲಿ ಬೇಗ ದಿನ ಸಿಗದಿದ್ದರೆ ಹುಬ್ಬಳ್ಳಿಯ ಕೇಂದ್ರವನ್ನೂ ನೋಡಿ. ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವ ದಾರಿ ಅದು. ದೊಡ್ಡವರ 36 ಪುಟದ ಪಾಸ್‌ಪೋರ್ಟ್‌ಗೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಹತ್ತು ವರ್ಷ ನಡೆಯುತ್ತದೆ.

ಪೊಲೀಸ್ ಪರಿಶೀಲನೆಯಲ್ಲಿ ಸಿಕ್ಕಿಬೀಳುವವರು ಹೆಚ್ಚಾಗಿ ಬಾಡಿಗೆ ಮನೆಯವರು. ಆಧಾರ್‌ನಲ್ಲಿ ರಾಮದುರ್ಗದ ವಿಳಾಸ, ಇರುವುದು ಟಿಳಕವಾಡಿಯಲ್ಲಿ. ಪೊಲೀಸರು ರಾಮದುರ್ಗದ ಮನೆಗೆ ಹೋಗುತ್ತಾರೆ, ಅಲ್ಲಿ ನೀವು ಇರುವುದಿಲ್ಲ. ಈಗ ಇರುವ ಮನೆಯ ವಿಳಾಸದ ದಾಖಲೆಯನ್ನು ಮೊದಲು ಸರಿ ಮಾಡಿಕೊಂಡು, ಅದೇ ವಿಳಾಸದಿಂದ ಅರ್ಜಿ ಹಾಕಿ. ಅಕ್ಟೋಬರ್ ಚಾರಣಕ್ಕೆ ಮೇ ತಿಂಗಳಲ್ಲೇ ಶುರು ಮಾಡಿದರೆ ತತ್ಕಾಲ್ ರೊಕ್ಕ ಉಳಿಯುತ್ತದೆ.

ನನ್ನ ಹಳೇ ಪಾಸ್‌ಪೋರ್ಟಿನಾಗ ಬೆಳಗಾಂ ಅಂತೈತಿ, ಆಧಾರಿನಾಗ ಬೆಳಗಾವಿ. ತ್ರಾಸ ಆಗತೈತೇನು?

ಆಗುವುದಿಲ್ಲ. 2014ರ ನವೆಂಬರ್ 1ರಿಂದ ಊರಿನ ಇಂಗ್ಲಿಷ್ ಹೆಸರು ಸರ್ಕಾರಿ ದಾಖಲೆಯಲ್ಲಿ ಬದಲಾಯಿತು. ಬಿಜಾಪುರ ವಿಜಯಪುರ ಆದದ್ದೂ ಅದೇ ದಿನ. ಅದಕ್ಕೂ ಮುಂಚಿನ ದಾಖಲೆಯಲ್ಲಿ ಹಳೆಯ ಹೆಸರು ಇರುವುದು ಸಹಜ. ನೇಪಾಳದ ಅಧಿಕಾರಿ ನೋಡುವುದು ಹೆಸರು, ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ದೇಶ, ಅವಧಿ ಇಷ್ಟನ್ನು. ಊರಿನ ಹೆಸರು ಬದಲಿಸಲೆಂದೇ ಪಾಸ್‌ಪೋರ್ಟ್ ಮತ್ತೆ ಮಾಡಿಸಬೇಕಿಲ್ಲ.

ಒಂದೊಂದು ಕಡೆ ನನ್ನ ಹೆಸರು ಒಂದೊಂದು ಥರ ಇದೆ. ಯಾವುದನ್ನ ಸರಿ ಮಾಡಿಸಲಿ?

ನಮ್ಮ ಭಾಗದವರ ದೊಡ್ಡ ತೊಡಕು ಇದೇ. ನಮ್ಮಲ್ಲಿ ಸ್ವಂತ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಹೀಗೆ ಮೂರು ಸೇರಿ ಒಂದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು ಬಂದಿರುತ್ತದೆ. ಆಧಾರ್‌ನಲ್ಲಿ ಕೊನೆಗೆ ಇರುತ್ತದೆ. ಪ್ಯಾನ್‌ನಲ್ಲಿ ಅಪ್ಪನ ಹೆಸರು ಒಂದೇ ಅಕ್ಷರಕ್ಕೆ ಇಳಿದಿರುತ್ತದೆ. ಬಸವರಾಜ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆದದ್ದನ್ನು ಒಬ್ಬನೇ ಮನುಷ್ಯನ ಕಾಗದಗಳಲ್ಲಿ ನಾನು ನೋಡಿದ್ದೇನೆ. ಗಡಿ ಭಾಗದ ಹಿರಿಯರ ಶಾಲೆ ದಾಖಲೆ ಮರಾಠಿಯಲ್ಲಿರುತ್ತದೆ. ಅದನ್ನು ಇಂಗ್ಲಿಷಿಗೆ ತಂದವರು ತಮಗೆ ತಿಳಿದಂತೆ ಬರೆದಿರುತ್ತಾರೆ.

ಎಲ್ಲವನ್ನೂ ಸರಿ ಮಾಡಿಸಲು ಹೊರಟರೆ ವರ್ಷ ಕಳೆಯುತ್ತದೆ. ಚಾರಣದ ಮಟ್ಟಿಗೆ ಒಂದೇ ನಿಯಮ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಈಗಾಗಲೇ ಇದ್ದರೆ ಅದೇ ಯಜಮಾನ. ಟಿಕೆಟ್, ವಿಮೆ, ಪರ್ಮಿಟ್ ಮೂರೂ ಅದರಲ್ಲಿ ಇದ್ದಂತೆ, ಅಕ್ಷರಕ್ಕೆ ಅಕ್ಷರ ಇರಲಿ. ಅದರ ಕೆಳಗಡೆ ಎರಡು ಸಾಲಿನಲ್ಲಿ ಬರುವ ಇಂಗ್ಲಿಷ್ ಅಕ್ಷರಗಳ ಪಟ್ಟಿ ನೋಡಿದ್ದೀರಲ್ಲ, ಅಲ್ಲಿ ಹೆಸರು ಹೇಗಿದೆಯೋ ಹಾಗೆ. ಮನೆಯಲ್ಲಿ ಕರೆಯುವ ಹೆಸರು, ಬ್ಯಾಂಕಿನಲ್ಲಿರುವ ಹೆಸರು ಇಲ್ಲಿ ಬೇಡ.

ಪಾಸ್‌ಪೋರ್ಟ್ ಹೊಸದಾಗಿ ಮಾಡಿಸುವವರು ಮಾತ್ರ ಮೊದಲು ಆಧಾರ್ ಮತ್ತು ಅಂಕಪಟ್ಟಿಯ ಹೆಸರನ್ನು ಹೊಂದಿಸಿಕೊಳ್ಳಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ. ಹಾಗಾಗಿ ಯೋಚಿಸಿ ಬದಲಿಸಿ. ಅರ್ಜಿಯಲ್ಲಿ ಅಡ್ಡಹೆಸರಿನ ಜಾಗವನ್ನು ಖಾಲಿ ಬಿಡಬೇಡಿ. ನೇಪಾಳಕ್ಕೆ ಇದು ಅಡ್ಡಿಯಾಗದೆ ಇರಬಹುದು. ಆದರೆ ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರನ್ನು ಯುಎಇ 2022ರ ನವೆಂಬರ್‌ನಿಂದ ಪ್ರವಾಸಿ ವೀಸಾದ ಮೇಲೆ ಒಳಗೆ ಬಿಡುತ್ತಿಲ್ಲ. ಹತ್ತು ವರ್ಷ ಬಾಳುವ ಪುಸ್ತಕ ಅದು, ಒಂದು ಚಾರಣಕ್ಕಷ್ಟೇ ಅಲ್ಲವಲ್ಲ.

ಮದುವಿ ಆದಮ್ಯಾಲೆ ಆಧಾರಿನಾಗ ಗಂಡನ ಅಡ್ಡಹೆಸರು ಬಂದೈತ್ರಿ. ಪಾಸ್‌ಪೋರ್ಟ್ ತವರುಮನೆ ಹೆಸರಿಲೇ ಐತಿ.

ಪಾಸ್‌ಪೋರ್ಟ್ ಅವಧಿ ಇದ್ದರೆ ಹಾಗೇ ಬಿಡಿ. ತವರುಮನೆ ಹೆಸರಿನಲ್ಲೇ ಟಿಕೆಟ್, ಪರ್ಮಿಟ್ ಮಾಡಿಸಿ. ಮದುವೆಯಾದರೆ ಹೆಸರು ಬದಲಿಸಲೇಬೇಕು ಅನ್ನುವ ಕಾನೂನಿಲ್ಲ. ಅಕ್ಕಾ, ಒಂದು ಮಾತು ನೆನಪಿಡಿ: ಬೆಳಗಾವಿಯಿಂದ ದೆಹಲಿಗೆ ಒಂದು ಟಿಕೆಟ್, ಅಲ್ಲಿಂದ ಕಾಠ್ಮಂಡುಗೆ ಇನ್ನೊಂದು ಟಿಕೆಟ್ ಇದ್ದರೆ ಎರಡರಲ್ಲೂ ಒಂದೇ ಹೆಸರಿರಲಿ, ಎರಡಕ್ಕೂ ಪಾಸ್‌ಪೋರ್ಟನ್ನೇ ತೋರಿಸಿ.

ಹತ್ತನೇತ್ತಾ ಪಾಸ್ ಆಗಿಲ್ಲ. ಪಾಸ್‌ಪೋರ್ಟಿನ ಮ್ಯಾಲೆ ಇಸಿಆರ್ ಅಂತ ಹೊಡದಾರ. ಬಿಡತಾರೋ ಇಲ್ಲೋ?

ಬಿಡುತ್ತಾರೆ. ಇಸಿಆರ್ ಅಂದರೆ ವಲಸೆ ತಪಾಸಣೆ ಬೇಕು ಎಂದು. ಆ ಮುದ್ರೆ ಗಲ್ಫ್ ಮೊದಲಾದ ಕೆಲವು ದೇಶಗಳಿಗೆ ಕೂಲಿ, ನೌಕರಿಗೆ ಹೋಗುವವರ ರಕ್ಷಣೆಗಾಗಿ ಇರುವುದು. ಪ್ರವಾಸಕ್ಕೆ, ಚಾರಣಕ್ಕೆ ಅದರ ಸಂಬಂಧವಿಲ್ಲ.

## ಪರ್ಮಿಟ್ ಮಾಡಿಸುವಾಗ

ಪರ್ಮಿಟ್ ನಾವೇ ಆನ್‌ಲೈನ್ ತಗೋಬಹುದಾ? ಏಜೆನ್ಸಿ ಯಾಕೆ ಬೇಕು?

ನಿರ್ಬಂಧಿತ ಪ್ರದೇಶದ ಪರ್ಮಿಟ್ ಕೊಡುವುದು ನೇಪಾಳದ ವಲಸೆ ಇಲಾಖೆ. ಅರ್ಜಿ ಹಾಕುವ ಹಕ್ಕು ಅಲ್ಲಿ ನೋಂದಣಿಯಾದ ಚಾರಣ ಏಜೆನ್ಸಿಗೆ ಮಾತ್ರ. ಜೊತೆಗೆ ಪರವಾನಗಿ ಇರುವ ಗೈಡ್ ಕಡ್ಡಾಯ. ನೀವೇ ಹೋಗಿ ಕಿಟಕಿಯಲ್ಲಿ ರೊಕ್ಕ ಕಟ್ಟಿದರೆ ಸಿಗುವ ಚೀಟಿ ಇದಲ್ಲ.

ಕನಿಷ್ಠ ಇಬ್ಬರು ಚಾರಣಿಗರು ಇರಬೇಕು ಅನ್ನುವುದು ಬಹಳ ವರ್ಷಗಳಿಂದ ನಡೆದುಬಂದ ನಿಯಮ, ಗೈಡ್ ಆ ಲೆಕ್ಕಕ್ಕೆ ಬರುವುದಿಲ್ಲ. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ. ಏಜೆನ್ಸಿಗೆ ಮುಂಗಡ ಕೊಡುವ ಮುಂಚೆ ಈ ವರ್ಷದ ನಿಯಮವನ್ನು ಬರಹದಲ್ಲಿ ಕೇಳಿ ತೆಗೆದುಕೊಳ್ಳಿ. ಒಬ್ಬರೇ ಹೋಗುವವರಿಗೆ ಇನ್ಯಾರದೋ ಪಾಸ್‌ಪೋರ್ಟ್ ಸೇರಿಸಿ ಇಬ್ಬರೆಂದು ತೋರಿಸಿ ಪರ್ಮಿಟ್ ಮಾಡಿಸುವವರಿದ್ದಾರೆ. ಅದಕ್ಕೆ ಒಪ್ಪಬೇಡಿ. ಮೇಲೆ ಏನಾದರೂ ಆಗಿ ಹೆಲಿಕಾಪ್ಟರ್ ಕರೆಯುವ ಹೊತ್ತು ಬಂದರೆ, ಕಾಗದದಲ್ಲಿ ಇಬ್ಬರು, ದಾರಿಯಲ್ಲಿ ಒಬ್ಬರು. ಹುಡುಕುವವರು ಯಾರನ್ನು ಹುಡುಕಬೇಕು?

ಒಟ್ಟು ಎಷ್ಟ ಕಾಗದ, ಎಷ್ಟ ರೊಕ್ಕ?

ಮನಾಸ್ಲು ಸುತ್ತಿಗೆ ಮುಖ್ಯವಾಗಿ ಮೂರು. ನಿರ್ಬಂಧಿತ ಪ್ರದೇಶದ ಪರ್ಮಿಟ್, ಮನಾಸ್ಲು ಸಂರಕ್ಷಣಾ ಪ್ರದೇಶದ ಪ್ರವೇಶ ಪತ್ರ, ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪ್ರವೇಶ ಪತ್ರ. ಮೂರನೆಯದು ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಲಾರ್ಕೆ ಲಾ ಎಂಬ ಎತ್ತರದ ಘಟ್ಟ ದಾಟಿ ಬಿಮ್ತಾಂಗ್ ಕಡೆಯಿಂದ ಇಳಿದು ಧಾರಾಪಾನಿ ಸೇರುತ್ತೇವೆ. ಆ ಜಾಗ ಅನ್ನಪೂರ್ಣದ ಗಡಿಯೊಳಗೆ ಇದೆ.

ಮೊದಲನೆಯದರ ಶುಲ್ಕ ಡಾಲರ್‌ನಲ್ಲಿ. ನಾವು ಕಟ್ಟಿದ ದರ ಹೀಗಿತ್ತು: ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮೊದಲ ಏಳು ದಿನಕ್ಕೆ 100 ಡಾಲರ್, ಆಮೇಲೆ ದಿನಕ್ಕೆ 15. ಉಳಿದ ತಿಂಗಳಲ್ಲಿ 75 ಮತ್ತು 10. ಇದರಲ್ಲಿ ಭಾರತೀಯರಿಗೆ ರಿಯಾಯಿತಿ ಇಲ್ಲ. ಸಂರಕ್ಷಣಾ ಪ್ರದೇಶದ ಎರಡು ಪತ್ರಗಳಲ್ಲಿ ಇದೆ. ಬೇರೆ ವಿದೇಶಿಯರಿಗೆ ತಲಾ 3,000 ನೇಪಾಳಿ ರೂಪಾಯಿ, ಸಾರ್ಕ್ (ದಕ್ಷಿಣ ಏಷ್ಯಾದ ಒಕ್ಕೂಟ) ದೇಶದವರಾದ ನಮಗೆ 1,000. ನಮ್ಮ 1 ರೂಪಾಯಿಗೆ ಅವರ 1.60 ಲೆಕ್ಕದಲ್ಲಿ ಅದು 625 ರೂಪಾಯಿ. ಏಜೆನ್ಸಿಯವರು ಒಟ್ಟಿಗೇ ಲೆಕ್ಕ ಹೇಳುವಾಗ ಕೆಲವೊಮ್ಮೆ ವಿದೇಶಿ ದರವನ್ನೇ ಹಿಡಿದಿರುತ್ತಾರೆ. ಪ್ರತಿ ಪತ್ರದ ಶುಲ್ಕ ಬೇರೆ ಬೇರೆ ಬರೆದುಕೊಡಿ ಎಂದು ಕೇಳಿ.

ತ್ಸುಮ್ ಕಣಿವೆಗೂ ಹೋಗುವ ಆಸೆ ಇದ್ದರೆ ಮೊದಲೇ ಹೇಳಿ. ಅದಕ್ಕೆ ಪರ್ಮಿಟ್ ಬೇರೆ. ದಾರಿಯಲ್ಲಿ ಮನಸ್ಸು ಬದಲಿಸಿ ಆ ಕಡೆ ತಿರುಗಲು ಆಗುವುದಿಲ್ಲ.

ಪಾಸ್‌ಪೋರ್ಟ್ ಫೋಟೋ ಹೊಡೆದು ವಾಟ್ಸಾಪ್ ಮಾಡ್ರಿ ಅಂತಾರ. ಮಾಡಬಹುದಾ?

ಕಳಿಸಲೇಬೇಕು, ಅದಿಲ್ಲದೆ ಅರ್ಜಿ ಆಗುವುದಿಲ್ಲ. ಆದರೆ ಊಟದ ಟೇಬಲ್ ಮೇಲೆ ಇಟ್ಟು ಬೆರಳು ಅಡ್ಡ ಬಂದ ಫೋಟೋ ಬೇಡ. ಖಡೇಬಜಾರಿನ ಯಾವ ಝೆರಾಕ್ಸ್ ಅಂಗಡಿಯಲ್ಲೂ ಸ್ಕ್ಯಾನ್ ಮಾಡಿಕೊಡುತ್ತಾರೆ. ನಾಲ್ಕೂ ಮೂಲೆ ಕಾಣಬೇಕು, ನಂಬರ್ ಮೇಲೆ ಬೆಳಕಿನ ಹೊಳಪು ಬೀಳಬಾರದು. ಬಿಳಿ ಹಿನ್ನೆಲೆಯ ಹೊಸ ಫೋಟೋ ಜೊತೆಗಿರಲಿ, ಅದರದೇ ಆರು ಪ್ರತಿ ಕೈಯಲ್ಲೂ ಇರಲಿ. ಏಜೆನ್ಸಿಯ ನೋಂದಣಿ ನೋಡಿದ ಮೇಲೆ, ಅವರ ಕಚೇರಿಯ ಇಮೇಲ್‌ಗೇ ಕಳಿಸಿ. ಗುಂಪಿನ ವಾಟ್ಸಾಪ್‌ನಲ್ಲಿ ಎಲ್ಲರ ಪಾಸ್‌ಪೋರ್ಟ್ ಹಾಕುವ ರೂಢಿ ಮಾತ್ರ ಬಿಡಬೇಕು.

ಪರ್ಮಿಟ್ ಕೈಗೆ ಬಂದಾಗ ಕಾಠ್ಮಂಡುವಿನಲ್ಲೇ, ಗೈಡ್ ಎದುರಿಗೇ, ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಒಂದೊಂದು ಅಕ್ಷರ ಓದಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮೊದಲ ಸಲ ಹೋದಾಗ ನಮ್ಮ ಗುಂಪಿನ ಗೆಳೆಯನೊಬ್ಬನ ಪಾಸ್‌ಪೋರ್ಟ್ ನಂಬರಿನಲ್ಲಿ ಒಂದು ಅಂಕಿ ತಪ್ಪಾಗಿತ್ತು. ಏಜೆನ್ಸಿಯವರು ಟೈಪ್ ಮಾಡಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಒಂದು ದಿನ ಜೀಪಿನಲ್ಲಿ ಕುಲುಕಾಡಿ, ಮಾಛಾ ಖೋಲಾದಿಂದ ನಡೆದು ಜಗತ್ ಚೆಕ್‌ಪೋಸ್ಟ್ ಮುಟ್ಟಿದ ಮೇಲೆ ಅಧಿಕಾರಿ ಆ ಅಂಕಿಯ ಮೇಲೆ ಬೆರಳಿಟ್ಟರು. ಗೈಡ್ ಕಾಠ್ಮಂಡುಗೆ ಫೋನ್ ಮೇಲೆ ಫೋನ್ ಮಾಡಿದ. ತಿದ್ದಿದ ಕಾಗದ ಬರುವವರೆಗೆ ಒಂದೂವರೆ ದಿನ ಅಲ್ಲೇ ಕೂತೆವು. ಅಧಿಕಾರಿ ಒಳ್ಳೆಯವರೇ, ಚಹಾ ಕೂಡ ತರಿಸಿಕೊಟ್ಟರು. ಆದರೆ ಬಿಡಲಿಲ್ಲ. ಬಿಡಲೂಬಾರದು. ಗೆಳೆಯ ಆ ರಾತ್ರಿ ಊಟ ಮಾಡಲಿಲ್ಲ, ಎಲ್ಲರ ದಿನ ತನ್ನಿಂದ ಹಾಳಾಯಿತು ಎಂದು. ಐದು ನಿಮಿಷ ಓದಿದ್ದರೆ ತಪ್ಪುತ್ತಿತ್ತು.

ಪರ್ಮಿಟಿನಲ್ಲಿ ಎರಡು ದಿನ ಜಾಸ್ತಿ ಹಾಕಿಸಿದ್ರೆ ರೊಕ್ಕ ದಂಡ ಅಲ್ವಾ?

ದಂಡವಲ್ಲ. ಪರ್ಮಿಟ್ ಮೇಲೆ ದಿನಾಂಕ ಇರುತ್ತದೆ, ದಾರಿಯೂ ಇರುತ್ತದೆ. ಒಳಗೆ ಹೋದ ಮೇಲೆ ದಾರಿಯ ಸಾಮಾಗಾಂವ್ ಹಳ್ಳಿಯಲ್ಲಿ ಕೂತು ಅದನ್ನು ಮುಂದೂಡಿಸುವ ಕಚೇರಿ ಇಲ್ಲ. ಲಾರ್ಕೆ ಲಾ 5,100 ಮೀಟರ್ ಮೇಲಿದೆ. ನಮ್ಮ ಬೆಳಗಾವಿ ಸುಮಾರು 750 ಮೀಟರ್. ತಲೆನೋವು ಬಂದರೆ ಒಂದು ದಿನ ನಿಲ್ಲಬೇಕು, ಹಿಮ ಬಿದ್ದರೆ ಎರಡು ದಿನ. 2014ರ ಅಕ್ಟೋಬರ್‌ನಲ್ಲಿ ಹುಡ್‌ಹುಡ್ ಚಂಡಮಾರುತದ ಕೊನೆಯ ಏಟು ನೇಪಾಳಕ್ಕೆ ಬಿದ್ದು, ಪಕ್ಕದ ಅನ್ನಪೂರ್ಣ ಭಾಗದಲ್ಲಿ ಹಿಮಗಾಳಿಗೆ 40ಕ್ಕೂ ಹೆಚ್ಚು ಜನ ಸತ್ತರು. ಅದು ಚಾರಣಕ್ಕೆ ಅತ್ಯಂತ ಒಳ್ಳೆಯ ತಿಂಗಳು ಅಂತ ನಾವೆಲ್ಲ ನಂಬುವ ತಿಂಗಳು. ಕಾಗದದಲ್ಲಿ ದಿನ ಮುಗಿಯುತ್ತಿದೆ ಎಂದು ಯಾರೂ ಕೆಟ್ಟ ಹವೆಯಲ್ಲಿ ಘಟ್ಟ ಹತ್ತಬಾರದು. 30 ಡಾಲರ್ ಕೊಟ್ಟು ಎರಡು ದಿನ ಜಾಸ್ತಿ ಹಾಕಿಸಿಕೊಳ್ಳಿ. ವಾಪಸ್ ಟಿಕೆಟ್ಟನ್ನೂ ಅದಕ್ಕೆ ತಕ್ಕಂತೆ ಮುಂದೆ ಹಾಕಿ.

ದಸರಾ ಸೂಟಿಯಾಗ ಹೋಗಬೇಕಂತ ಮಾಡೇವಿ. ಅಲ್ಲಿ ಹೋಗಿ ಪರ್ಮಿಟ್ ಮಾಡಿಸಿದ್ರ ಆತಲ್ಲ?

ಶಿಕ್ಷಕರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಅವರಿಗೆ ಸೂಟಿ ಇರುವುದೇ ಆಗ. ತೊಡಕು ಏನೆಂದರೆ, ನಾವು ಇಲ್ಲಿ ಬನ್ನಿ ಹಂಚುವ ದಿನವೇ ಅಲ್ಲಿ ದಶೈನ್ ಟೀಕಾ. ಅವರ ವರ್ಷದ ಅತಿ ದೊಡ್ಡ ಹಬ್ಬ ಅದು. ಸರ್ಕಾರಿ ಕಚೇರಿಗಳು ಸಾಲಾಗಿ ಹಲವು ದಿನ ಮುಚ್ಚಿರುತ್ತವೆ. ಗೈಡ್, ಪೋರ್ಟರ್ ಕೂಡ ಊರಿಗೆ ಹೋಗಿರುತ್ತಾರೆ. ಆ ಮೇಲೆ ಕೆಲವೇ ದಿನಕ್ಕೆ ತಿಹಾರ್, ಅಂದರೆ ನಮ್ಮ ದೀಪಾವಳಿ. ನೇಪಾಳದಲ್ಲಿ ವಾರದ ರಜೆ ಶನಿವಾರ ಅನ್ನುವುದನ್ನೂ ಮರೆಯಬೇಡಿ. ಶುಕ್ರವಾರ ಸಂಜೆ ಕಾಠ್ಮಂಡುವಿನಲ್ಲಿ ಇಳಿದು ಶನಿವಾರ ಪರ್ಮಿಟ್ ಮಾಡಿಸುತ್ತೇವೆ ಅಂದರೆ ಆಗುವುದಿಲ್ಲ. ಆ ದಿನಗಳಲ್ಲೇ ಹೋಗುವುದಾದರೆ ಆಗಸ್ಟ್‌ನಲ್ಲೇ ಏಜೆನ್ಸಿಗೆ ಎಲ್ಲ ಪ್ರತಿ ಕಳಿಸಿ, ಹಬ್ಬಕ್ಕೆ ಮುಂಚೆ ಪರ್ಮಿಟ್ ಆಗಬೇಕೆಂದು ಮಾತು ಮಾಡಿಕೊಳ್ಳಿ.

## ಹೊರಡುವ ಮುಂಚೆ

ವಿಮೆ ಮಾಡಿಸಿದೀನಿ. ಅದರಲ್ಲಿ ನೋಡಬೇಕಾದ್ದು ಏನು?

ಮೂರು ಸಾಲು ಹುಡುಕಿ. ಚಾರಣ ಅದರಲ್ಲಿ ಸೇರಿದೆಯೇ, ಎಷ್ಟು ಮೀಟರ್ ಎತ್ತರದವರೆಗೆ, ಹೆಲಿಕಾಪ್ಟರ್ ರಕ್ಷಣೆ ಇದೆಯೇ. ಸಾಮಾನ್ಯ ಪ್ರವಾಸ ವಿಮೆಗಳಲ್ಲಿ ಚಾರಣವನ್ನು ಸಾಹಸ ಕ್ರೀಡೆ ಎಂದು ಹೊರಗಿಟ್ಟಿರುತ್ತಾರೆ, ಇಲ್ಲವೆ ಎತ್ತರಕ್ಕೆ ಮಿತಿ ಹಾಕಿರುತ್ತಾರೆ. 4,500 ಮೀಟರ್‌ವರೆಗಿನ ವಿಮೆ ಇಟ್ಟುಕೊಂಡು ಲಾರ್ಕೆ ಲಾ ಹತ್ತಿದರೆ, ಬೇಕಾದ ದಿನವೇ ಅದು ಕೈಕೊಡುತ್ತದೆ. ಭಾರತ ಬಿಡುವ ಮುಂಚೆಯೇ ಕೊಳ್ಳಿ. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಬರೆಯಿರಿ. ಸಹಾಯವಾಣಿ ನಂಬರನ್ನು ಗೈಡ್‌ಗೂ ಕೊಡಿ. ನೀವು ಮಾತಾಡಲಾರದ ಸ್ಥಿತಿಯಲ್ಲಿ ಫೋನ್ ಮಾಡುವವನು ಅವನೇ.

ಸರ್ಕಾರಿ ನೌಕರಿ ಐತಿ. ಕಚೇರಿಗೆ ಹೇಳಲೇಬೇಕೇನ್ರಿ?

ಹೇಳಲೇಬೇಕು. ಸ್ವಂತ ಖರ್ಚು, ವೀಸಾ ಬೇಡ, ಆದರೂ ನೇಪಾಳ ಹೊರದೇಶವೇ. ರಜೆಯ ಅರ್ಜಿ ಬೇರೆ, ವಿದೇಶ ಪ್ರವಾಸದ ಅನುಮತಿ ಬೇರೆ. ಕಡತ ಮೇಲೆ ಹೋಗಿ ಕೆಳಗೆ ಬರಲು ವಾರಗಟ್ಟಲೆ ಹಿಡಿಯುತ್ತದೆ, ಎರಡು ಮೂರು ತಿಂಗಳು ಮುಂಚೆ ಕೊಡಿ. ಪಾಸ್‌ಪೋರ್ಟ್ ಮಾಡಿಸುವಾಗಲೂ ಇಲಾಖೆಗೆ ಮುಂಚಿತವಾಗಿ ತಿಳಿಸಿದ ಪತ್ರ ಬೇಕಾಗುತ್ತದೆ. ನಮ್ಮದು ಸೇನೆಯ ಊರು. ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿರುವ ಹುಡುಗರೂ ಕೇಳುತ್ತಾರೆ. ಸೇವೆಯಲ್ಲಿರುವ ಸೈನಿಕರಿಗೆ ಮೇಲಧಿಕಾರಿಗಳ ಅನುಮತಿ ಇಲ್ಲದೆ ಹೊರದೇಶದ ಮಾತೇ ಇಲ್ಲ. ಅದು ಬಂದ ಮೇಲೆಯೇ ಟಿಕೆಟ್.

ಮಗನಿಗೆ 16. ವೋಟರ್ ಕಾರ್ಡ್ ಇಲ್ಲ, ಪಾಸ್‌ಪೋರ್ಟೂ ಇಲ್ಲ. ಕರ್ಕೊಂಡು ಹೋಗಬಹುದಾ?

15ರಿಂದ 18ರೊಳಗಿನವರಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪತ್ರವೂ ನೇಪಾಳ ಪ್ರಯಾಣಕ್ಕೆ ನಡೆಯುತ್ತದೆ. ಪತ್ರ ಇಂಗ್ಲಿಷಿನಲ್ಲಿರಲಿ, ಫೋಟೋ ಮೇಲೆ ಶಾಲೆಯ ಮುದ್ರೆ ಇರಲಿ. ಆದರೆ ಪರ್ಮಿಟ್ ಚಾರಣಕ್ಕೆ ಕರೆದುಕೊಂಡು ಹೋಗುವವರು ಅವನಿಗೂ ಪಾಸ್‌ಪೋರ್ಟ್ ಮಾಡಿಸಿಬಿಡಿ. ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರೇ ಜೊತೆಗಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರವನ್ನು ನೋಟರಿ ಮಾಡಿಸಿ ಇಟ್ಟುಕೊಳ್ಳಿ. ಚಿಕ್ಕಪ್ಪ, ಸೋದರಮಾವನ ಜೊತೆ ಕಳಿಸುವುದಾದರೆ ಇಬ್ಬರ ಒಪ್ಪಿಗೆಯೂ ಬೇಕು.

ಇಷ್ಟು ಕಾಗದ ಹೆಂಗ ಇಟ್ಕೋಬೇಕು? ಮಳಿಗೆ ತೊಯ್ದ್ರ?

ನಮ್ಮ ಜಾಂಬೋಟಿ, ಕಣಕುಂಬಿಯ ಮಳೆಯಲ್ಲಿ ನಡೆದವರಿಗೆ ಇದನ್ನು ಹೇಳಬೇಕಿಲ್ಲ. ಮೂಲ ಪಾಸ್‌ಪೋರ್ಟ್ ಮೈಮೇಲೆ, ಅಂಗಿಯ ಒಳಗಿನ ಚೀಲದಲ್ಲಿ, ಜಿಪ್ ಪ್ಲಾಸ್ಟಿಕ್ ಒಳಗೆ. ಪೋರ್ಟರ್ ಹೊರುವ ಚೀಲದಲ್ಲಿ ಯಾವತ್ತೂ ಬೇಡ. ಪರ್ಮಿಟ್‌ಗಳ ಮೂಲ ಪ್ರತಿ ಗೈಡ್ ಹತ್ತಿರ ಇರುತ್ತದೆ, ನೀವು ಒಂದು ಝೆರಾಕ್ಸ್ ಇಟ್ಟುಕೊಳ್ಳಿ. ಇನ್ನೊಂದು ಗಂಟು ಮನೆಯ ಟಿಜೋರಿಯಲ್ಲಿರಲಿ: ಪಾಸ್‌ಪೋರ್ಟ್ ಪ್ರತಿ, ವಿಮೆ, ಟಿಕೆಟ್, ಏಜೆನ್ಸಿ ಮತ್ತು ಗೈಡ್‌ನ ನಂಬರ್, ದಿನದಿನದ ಊರಿನ ಪಟ್ಟಿ. ಅದು ಎಲ್ಲಿದೆ ಎಂದು ಮನೆಯಲ್ಲಿ ಇಬ್ಬರಿಗೆ ಗೊತ್ತಿರಲಿ. ನನ್ನ ಅವ್ವ ಆ ಊರಿನ ಪಟ್ಟಿಯನ್ನು ಕ್ಯಾಲೆಂಡರ್ ಪಕ್ಕ ಅಂಟಿಸಿಕೊಂಡು ದಿನಾ ಒಂದು ಗೆರೆ ಎಳೆಯುತ್ತಿದ್ದಳು. ಅದರಿಂದ ಅವಳಿಗೆ ಬಂದ ಧೈರ್ಯ ದೊಡ್ಡದು.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಅಮೆರಿಕದಲ್ಲಿರೋ ತಮ್ಮ ಓಸಿಐ. ಅವನಿಗೂ ವೀಸಾ ಬೇಡ ಅಲ್ವಾ?

ಬೇಕು. ಓಸಿಐ ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್, ಭಾರತದ ಪೌರತ್ವವಲ್ಲ. ನೇಪಾಳದ ಕಣ್ಣಿಗೆ ಅವನು ಅಮೆರಿಕದ ಪ್ರಜೆ. ಕಾಠ್ಮಂಡು ವಿಮಾನ ನಿಲ್ದಾಣದಲ್ಲೇ ವೀಸಾ ಸಿಗುತ್ತದೆ: 15 ದಿನಕ್ಕೆ 30 ಡಾಲರ್, 30 ದಿನಕ್ಕೆ 50. ಮನಾಸ್ಲುಗೆ 30 ದಿನದ್ದೇ ತೆಗೆದುಕೊಳ್ಳಲಿ. ಸಂರಕ್ಷಣಾ ಪ್ರದೇಶದಲ್ಲಿ ಅವನಿಗೆ ಸಾರ್ಕ್ ದರವೂ ಸಿಗುವುದಿಲ್ಲ. ನಿಮ್ಮ ಜೊತೆ ವಾಪಸ್ ಬೆಳಗಾವಿಗೆ ಬರುವವನಾದರೆ ಓಸಿಐ ಕಾರ್ಡ್ ಮನೆಯಲ್ಲಿ ಬಿಟ್ಟು ಬರದಿರಲಿ.

ಮೇಲೆ ನೆಟ್‌ವರ್ಕ್ ಇರಲ್ಲ. ಉಪಗ್ರಹ ಸಂದೇಶ ಯಂತ್ರ, ಡ್ರೋನ್ ಒಯ್ಯಬಹುದಾ?

ಉಪಗ್ರಹ ಫೋನ್, ಗಾರ್ಮಿನ್ ಇನ್‌ರೀಚ್‌ನಂಥ ಯಂತ್ರಗಳನ್ನು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ನಮ್ಮಲ್ಲಿ ಬಹಳ ಜನ ಗೋವಾದಿಂದ ವಿಮಾನ ಹಿಡಿಯುತ್ತಾರೆ. ಅಲ್ಲೇ 2024ರ ಡಿಸೆಂಬರ್‌ನಲ್ಲಿ ಒಬ್ಬ ವಿದೇಶಿ ಪ್ರವಾಸಿಯನ್ನು ಇಂಥ ಯಂತ್ರಕ್ಕಾಗಿ ತಡೆದಿದ್ದರು. ಊರಿಂದ ಒಯ್ಯಬೇಡಿ. ಬೇಕೆಂದರೆ ಗೈಡ್ ಹತ್ತಿರವೇ ಇಂಥ ಯಂತ್ರ ಇರುವ ಏಜೆನ್ಸಿಯನ್ನು ಆರಿಸಿ. ಡ್ರೋನ್‌ಗೆ ನೇಪಾಳದ ವಿಮಾನಯಾನ ಪ್ರಾಧಿಕಾರದ ಅನುಮತಿ ಬೇಕು, ಸಂರಕ್ಷಣಾ ಪ್ರದೇಶದ ಅನುಮತಿ ಬೇರೆ. ಒಂದು ವಿಡಿಯೋಗಾಗಿ ಅಷ್ಟು ಓಡಾಟ ಬೇಡ ಎಂಬುದು ನನ್ನ ಅಭಿಪ್ರಾಯ.

ಅಲ್ಲಿ ಪಾಸ್‌ಪೋರ್ಟ್ ಕಳದ್ರ ಏನ್ ಮಾಡೂದು?

ಗೈಡ್‌ಗೆ ಹೇಳಿ, ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ಬರೆಸಿ ಪ್ರತಿ ತೆಗೆದುಕೊಳ್ಳಿ. ಚಾರಣ ಅಲ್ಲಿಗೆ ನಿಲ್ಲಿಸಿ. ಕಾಠ್ಮಂಡುವಿನ ಲೈನ್‌ಚೌರ್‌ನಲ್ಲಿ ಭಾರತದ ರಾಯಭಾರ ಕಚೇರಿ ಇದೆ. ದೂರಿನ ಪ್ರತಿ, ಪಾಸ್‌ಪೋರ್ಟ್ ಝೆರಾಕ್ಸ್, ಫೋಟೋ ಕೊಟ್ಟರೆ ಊರಿಗೆ ಮರಳಲು ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದು ಒಂದು ಸಲದ ಪ್ರಯಾಣಕ್ಕೆ ಮಾತ್ರ. ವೋಟರ್ ಕಾರ್ಡ್ ಬೇರೆ ಚೀಲದಲ್ಲಿ ಇಟ್ಟುಕೊಂಡು ಹೋಗಿ ಎನ್ನುವುದು ಇದಕ್ಕೇ. ಅದಿದ್ದರೆ ನೀವು ಯಾರು ಎಂದು ತೋರಿಸುವುದು ಬಹಳ ಸುಲಭ.

ಭೂತಾನಕ್ಕೆ ಹೋದ್ರೂ ಇದೇ ಲೆಕ್ಕನಾ?

ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡ್ ಅನ್ನುವ ಮಾತು ಅಲ್ಲೂ ಅದೇ, ಆಧಾರ್ ಅಲ್ಲೂ ಇಲ್ಲ. ಬೇರೆಯಾಗುವುದು ಖರ್ಚು. ಭಾರತೀಯರು ಒಂದು ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ಹತ್ತು ರಾತ್ರಿಯ ಚಾರಣಕ್ಕೆ ಅದೇ 12,000 ಆಯಿತು.

ಮನಾಸ್ಲು ಮುಗಿಸಿ ಹಂಗ ಕಾಠ್ಮಂಡುವಿನಿಂದ ಕೈಲಾಸಕ್ಕ ಹೋಗಿ ಬರಬಹುದಾ?

ಅಷ್ಟು ದೂರ ಹೋದ ಮೇಲೆ ಶಿವನ ದರ್ಶನ ಮಾಡಿಯೇ ಬರೋಣ ಎಂಬ ಆಸೆ ನಮ್ಮ ಭಾಗದ ಹಿರಿಯರಿಗೆ ಸಹಜ. ಆದರೆ ಕೈಲಾಸ ಚೀನಾದ ಆಡಳಿತದ ಟಿಬೆಟ್‌ನಲ್ಲಿದೆ. ಅಲ್ಲಿಗೆ ಚೀನಾದ ಗುಂಪು ವೀಸಾ ಬೇಕು, ಟಿಬೆಟ್ ಪರ್ಮಿಟ್ ಬೇಕು, ವೋಟರ್ ಕಾರ್ಡ್ ಸುತರಾಂ ನಡೆಯುವುದಿಲ್ಲ. ಆ ವೀಸಾಕ್ಕೆ ನಿಮ್ಮ ಮೂಲ ಪಾಸ್‌ಪೋರ್ಟ್ ಕಾಠ್ಮಂಡುವಿನಲ್ಲಿ ಕೆಲವು ದಿನ ಕೊಟ್ಟಿರಬೇಕು. ಅದೇ ಪಾಸ್‌ಪೋರ್ಟ್ ಜಗತ್ ಚೆಕ್‌ಪೋಸ್ಟಿನಲ್ಲೂ ಬೇಕು. ಒಂದೇ ಪುಸ್ತಕ ಎರಡು ಕಡೆ ಇರಲಾರದು.

ಕೇಂದ್ರ ಸರ್ಕಾರದ ವಿದೇಶಾಂಗ ಸಚಿವಾಲಯ ನಡೆಸುವ ಯಾತ್ರೆ ಐದು ವರ್ಷ ನಿಂತು 2025ರಲ್ಲಿ ಮತ್ತೆ ಶುರುವಾಗಿದೆ, ಲಿಪುಲೇಖ್ ಮತ್ತು ನಾಥು ಲಾ ದಾರಿಯಲ್ಲಿ. 18ರಿಂದ 70 ವಯಸ್ಸಿನವರು ಅರ್ಜಿ ಹಾಕಬಹುದು, ಆಯ್ಕೆ ಚೀಟಿ ಎತ್ತುವ ರೀತಿಯಲ್ಲಿ, ವೈದ್ಯಕೀಯ ಪರೀಕ್ಷೆ ಕಟ್ಟುನಿಟ್ಟು. ಕೈಲಾಸವೇ ಮನಸ್ಸಿನಲ್ಲಿದ್ದರೆ ಮೊದಲು ಅದಕ್ಕೆ ಅರ್ಜಿ ಹಾಕಿ. ಹೆಸರು ಬರದಿದ್ದರೆ ಆ ವರ್ಷದ ಅಕ್ಟೋಬರ್‌ಗೆ ಮನಾಸ್ಲು ಇಟ್ಟುಕೊಳ್ಳಿ. ಅಷ್ಟೊತ್ತಿಗೆ ಪಾಸ್‌ಪೋರ್ಟ್ ಹೇಗೂ ಕೈಯಲ್ಲಿರುತ್ತದೆ.